ಇಂಗ್ಲಿಷಿನಲ್ಲಿ ನಡಿಗೆ: ಚಲನಾರ್ಥಕ ಕ್ರಿಯಾಪದಗಳ ಅರ್ಥಭೇದ

ಕಾಲ್ನಡಿಗೆಯಲ್ಲಿ ಸಾಗುವ ಕ್ರಿಯೆಗೆ ಇಂಗ್ಲಿಷಿನಲ್ಲಿರುವ ಸಾಮಾನ್ಯ ಪದ ‘ವಾಕ್’. ಅದರ ಸುತ್ತ ‘ಸ್ಟ್ರೋಲ್’, ‘ಟ್ರಜ್’, ‘ಲಿಂಪ್’, ‘ಸ್ಟ್ರಟ್’, ‘ಟಿಪ್‌ಟೋ’ ಮೊದಲಾದ ದೊಡ್ಡದೊಂದು ಪದಸಮೂಹವಿದೆ. ಭಾಷಾವಿಜ್ಞಾನಿ ಬೆತ್ ಲೆವಿನ್ 1993ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕ್ರಿಯಾಪದಗಳ ವರ್ಗೀಕರಣದಲ್ಲಿ ಈ ಬಗೆಯ ಪದಗಳ ಒಂದೇ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಕ್ರಿಯಾಪದಗಳಿವೆ. ದ್ವಿಭಾಷಾ ನಿಘಂಟುಗಳು ಇವುಗಳಲ್ಲಿ ಹಲವಕ್ಕೆ ‘ನಡೆ’, ‘ಅಡ್ಡಾಡು’, ‘ಅಲೆ’ ಎಂಬ ಎರಡು ಮೂರು ಅರ್ಥಗಳನ್ನೇ ಮತ್ತೆ ಮತ್ತೆ ಕೊಡುವುದರಿಂದ ಪದಗಳ ನಡುವಿನ ಅಂತರ ಓದುಗರಿಗೆ ಕಾಣದೆ ಹೋಗುತ್ತದೆ. ಪೀಟರ್ ಮಾರ್ಕ್ ರೋಜೆ 1852ರಲ್ಲಿ ಹೊರತಂದ ಪ್ರಸಿದ್ಧ ಥೆಸಾರಸ್ ಕೂಡ ಸಮೀಪಾರ್ಥದ ಪದಗಳನ್ನು ಒಂದೆಡೆ ಕೂಡಿಸಿತೇ ಹೊರತು, ಒಂದಕ್ಕೂ ಇನ್ನೊಂದಕ್ಕೂ ಇರುವ ಭೇದವನ್ನು ವಿವರಿಸುವ ಕೆಲಸಕ್ಕೆ ಕೈಹಾಕಲಿಲ್ಲ. ಆ ಭೇದವೇ ಈ ಲೇಖನದ ವಿಷಯ.

ಮೂಲಪದ

ಪ್ರಾಚೀನ ಇಂಗ್ಲಿಷಿನಲ್ಲಿ ‘ವಾಕ್’ ಪದದ ಪೂರ್ವರೂಪಕ್ಕೆ ಉರುಳು, ಹೊರಳಾಡು ಎಂಬ ಅರ್ಥವಿತ್ತು. ಉಣ್ಣೆಯ ಬಟ್ಟೆಯನ್ನು ನೆನೆಸಿ, ತುಳಿದು, ಗಟ್ಟಿಗೊಳಿಸುವ ಕಸುಬಿನವರಿಗೂ ಅದೇ ಧಾತುವಿನಿಂದ ಹೆಸರು ಬಂತು. ಇಂದು ಇಂಗ್ಲಿಷರಲ್ಲಿ ಸಾಮಾನ್ಯವಾಗಿರುವ ‘ವಾಕರ್’ ಎಂಬ ಮನೆತನದ ಹೆಸರು ಈ ಕಸುಬಿನ ಗುರುತು. ಕಾಲ್ನಡಿಗೆಯ ಅರ್ಥ ಗಟ್ಟಿಯಾಗಿ ನೆಲೆಗೊಂಡದ್ದು ಮಧ್ಯಕಾಲೀನ ಇಂಗ್ಲಿಷಿನಲ್ಲಿ.

ಇಂದಿನ ‘ವಾಕ್’ ತಟಸ್ಥ ಪದ. ನಡೆಯುವವರು ಆತುರದಲ್ಲಿದ್ದಾರೆಯೇ, ದಣಿದಿದ್ದಾರೆಯೇ, ಎಲ್ಲಿಗಾದರೂ ಹೊರಟಿದ್ದಾರೆಯೇ ಎಂಬ ಯಾವುದನ್ನೂ ಅದು ತಿಳಿಸುವುದಿಲ್ಲ. ಅವರು ಓಡುತ್ತಿಲ್ಲ ಎಂಬುದೊಂದನ್ನು ಮಾತ್ರ ಖಚಿತವಾಗಿ ತಿಳಿಸುತ್ತದೆ.

ನಡಿಗೆ ಮತ್ತು ಓಟದ ಗಡಿ

‘ವಾಕ್’ ಮತ್ತು ‘ರನ್’ ಪದಗಳ ನಡುವಿನ ಗೆರೆಯನ್ನು ಎಳೆದಿರುವುದು ಮನುಷ್ಯನ ದೇಹರಚನೆ. ನಡೆಯುವಾಗ ಕನಿಷ್ಠ ಒಂದು ಪಾದ ಸದಾ ನೆಲದ ಮೇಲಿರುತ್ತದೆ. ಹೆಜ್ಜೆ ಬದಲಾಗುವ ಕ್ಷಣದಲ್ಲಿ ಎರಡೂ ಪಾದಗಳು ನೆಲವನ್ನು ಮುಟ್ಟಿರುತ್ತವೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಎರಡು ಪಾದಗಳು ಅಲ್ಪಕಾಲ ಗಾಳಿಯಲ್ಲಿರುತ್ತವೆ. ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗ ತಲುಪಿದಾಗ ವಯಸ್ಕರು ತಾವಾಗಿಯೇ ನಡಿಗೆ ಬಿಟ್ಟು ಓಟಕ್ಕೆ ಹೊರಳುತ್ತಾರೆ.

ವೇಗನಡಿಗೆಯ ಸ್ಪರ್ಧೆಗೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಮಾಡಿರುವ ನಿಯಮ ಈ ಗಡಿಯನ್ನೇ ಆಧರಿಸಿದೆ. ಪಾದ ಮತ್ತು ನೆಲದ ಸಂಪರ್ಕ ಬರಿಗಣ್ಣಿಗೆ ಕಾಣುವಂತೆ ತಪ್ಪಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ನೆಟ್ಟಗೆ ನಿಲ್ಲುವವರೆಗೆ ಮಂಡಿಯಲ್ಲಿ ಬಾಗಬಾರದು. ಬರಿಗಣ್ಣು ಎಂಬ ಮಾತು ನಿಯಮದಲ್ಲೇ ಇರುವುದು ಗಮನಾರ್ಹ. ನಡಿಗೆ ಎಂದರೇನು ಎಂಬುದನ್ನು ಇಲ್ಲಿ ಉಪಕರಣಕ್ಕೆ ಬಿಡದೆ ನೋಡುವ ಮನುಷ್ಯನಿಗೇ ಬಿಡಲಾಗಿದೆ.

ಭಾಷೆಗಳೂ ಈ ಗಡಿಯನ್ನು ಮನ್ನಿಸುತ್ತವೆ. ಮನೋವಿಜ್ಞಾನಿ ಬಾರ್ಬರಾ ಮಾಲ್ಟ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಟ್ರೆಡ್‌ಮಿಲ್ ಮೇಲೆ ಬೇರೆ ಬೇರೆ ವೇಗದಲ್ಲಿ ಸಾಗುವ ವ್ಯಕ್ತಿಯ ವಿಡಿಯೋಗಳನ್ನು ಇಂಗ್ಲಿಷ್, ಡಚ್, ಸ್ಪ್ಯಾನಿಷ್ ಮತ್ತು ಜಪಾನಿ ಭಾಷಿಕರಿಗೆ ತೋರಿಸಲಾಯಿತು. ಪ್ರತಿ ಭಾಷೆಯಲ್ಲಿ ಬಳಕೆಗೆ ಬಂದ ಪದಗಳ ಸಂಖ್ಯೆ ಬೇರೆಯಾಗಿತ್ತು. ಆದರೆ ನಾಲ್ಕೂ ಭಾಷೆಗಳ ಜನ ದೇಹ ನಡಿಗೆಯಿಂದ ಓಟಕ್ಕೆ ಹೊರಳುವ ಜಾಗದಲ್ಲಿಯೇ ಪದವನ್ನೂ ಬದಲಾಯಿಸಿದರು. ಭಾಷೆಗಳು ತಮ್ಮ ತಮ್ಮ ದಾರಿ ಹಿಡಿಯುವುದು ಆ ಗೆರೆಯ ಈಚೆಗೆ, ಅಂದರೆ ನಡಿಗೆಯ ಒಳಭೇದಗಳಲ್ಲಿ.

ಬಿಡುವಿನ ನಡಿಗೆ

ಇಂಗ್ಲಿಷ್ ಕ್ರಿಯಾಪದವು ನಡೆಯುವ ರೀತಿಯನ್ನು ತನ್ನೊಳಗೇ ತುಂಬಿಕೊಂಡಿರುತ್ತದೆ. ವೇಗ, ಶ್ರಮ, ಉದ್ದೇಶ, ದೇಹಸ್ಥಿತಿ, ಮನೋಭಾವ, ಕಾಲಡಿಯ ನೆಲದ ಸ್ವರೂಪ ಇವುಗಳಲ್ಲಿ ಒಂದೋ ಎರಡೋ ಸೇರಿ ಒಂದು ಪದವಾಗುತ್ತದೆ. ಉದ್ದೇಶದ ತುರ್ತು ಇಲ್ಲದ ನಡಿಗೆಗಳಲ್ಲಿ ಈ ಸೂಕ್ಷ್ಮ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

‘ಸ್ಟ್ರೋಲ್’ ಎಂದರೆ ಸುಖಕ್ಕಾಗಿ ನಿಧಾನವಾಗಿ ಅಡ್ಡಾಡುವುದು. ಸಂಜೆಯ ಹೊತ್ತು, ಜೊತೆಗೊಬ್ಬ ಸ್ನೇಹಿತ, ಸಮುದ್ರತೀರ ಅಥವಾ ಉದ್ಯಾನ ಈ ಪದಕ್ಕೆ ಒಪ್ಪುವ ಸಂದರ್ಭಗಳು. ‘ಸಾಂಟರ್’ ಅದಕ್ಕಿಂತಲೂ ನಿಧಾನ. ಅದರಲ್ಲಿ ತನಗೆ ಯಾವ ಅವಸರವೂ ಇಲ್ಲವೆಂದು ತೋರಿಸಿಕೊಳ್ಳುವ ಛಾಯೆ ಇದೆ. ತಡವಾಗಿ ಬಂದ ನೌಕರನೊಬ್ಬ ಕಚೇರಿಯೊಳಗೆ ‘ಸಾಂಟರ್’ ಮಾಡಿದನೆಂದು ಬರೆದರೆ ಬರೆದವರಿಗೆ ಅವನ ಮೇಲೆ ಅಸಮಾಧಾನವಿದೆಯೆಂದೇ ತಿಳಿಯಬೇಕು. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ ನಡಿಗೆಯನ್ನು ಕುರಿತ ತನ್ನ ಪ್ರಬಂಧದಲ್ಲಿ ಈ ಪದ ಪುಣ್ಯಭೂಮಿಗೆ ಹೊರಟ ಯಾತ್ರಿಕರಿಗೆ ಸಂಬಂಧಿಸಿದ ಫ್ರೆಂಚ್ ನುಡಿಯಿಂದ ಬಂದಿರಬಹುದೆಂದು ವಿವರಿಸಿದ. ಆ ಪ್ರಬಂಧ ಅವನು ತೀರಿಕೊಂಡ ಬಳಿಕ 1862ರಲ್ಲಿ ಅಚ್ಚಾಯಿತು. ಆ ನಿಷ್ಪತ್ತಿ ಸೊಗಸಾಗಿದೆ; ನಿಘಂಟುಕಾರರು ಮಾತ್ರ ಅದನ್ನು ಒಪ್ಪಿಲ್ಲ.

‘ಆ್ಯಂಬಲ್’ ಪದ ಕುದುರೆಯಿಂದ ಮನುಷ್ಯನಿಗೆ ಬಂದದ್ದು. ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುತ್ತ, ಸವಾರನನ್ನು ಹೆಚ್ಚು ಕುಲುಕಿಸದೆ ಸಾಗುವ ಕುದುರೆಯ ನಡೆಗೆ ಈ ಹೆಸರಿತ್ತು. ಮನುಷ್ಯರ ವಿಷಯದಲ್ಲಿ ಅದು ಆರಾಮದ, ಸಡಿಲವಾದ ನಡಿಗೆ. ಕುದುರೆಯ ಇತರ ನಡೆಗಳೂ ಹೀಗೆಯೇ ಸಾಮಾನ್ಯ ಬಳಕೆಗೆ ಇಳಿದಿವೆ. ‘ಟ್ರಾಟ್’ ಎರಡು ಬಡಿತಗಳ ನಡೆ, ‘ಕ್ಯಾಂಟರ್’ ಮೂರು ಬಡಿತಗಳದು, ‘ಗ್ಯಾಲಪ್’ ನಾಲ್ಕು ಬಡಿತಗಳ ನಾಗಾಲೋಟ. ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿದ್ದ ಸಂತ ಥಾಮಸ್ ಬೆಕೆಟನ ಸನ್ನಿಧಿಗೆ ಕುದುರೆಯ ಮೇಲೆ ಹೋಗುತ್ತಿದ್ದ ಯಾತ್ರಿಕರ ಮಧ್ಯಮ ವೇಗವೇ ‘ಕ್ಯಾಂಟರ್’ ಎಂಬ ಹೆಸರಿಗೆ ಕಾರಣ. ಕರ್ನಾಟಕದ ಹೆದ್ದಾರಿಗಳಲ್ಲಿ ಕ್ಯಾಂಟರ್ ಎಂದರೆ ಸರಕು ಸಾಗಿಸುವ ಗಾಡಿ. ಅಲ್ಲಿ ಕುದುರೆಯೂ ಇಲ್ಲ, ಸಂತನೂ ಇಲ್ಲ.

‘ವಾಂಡರ್’ ಮತ್ತು ‘ರೋಮ್’ ಎರಡಕ್ಕೂ ಕನ್ನಡದಲ್ಲಿ ‘ಅಲೆದಾಡು’ ಎಂದೇ ಹೇಳುವುದುಂಟು. ‘ವಾಂಡರ್’ ಪದದ ಒಳಗೆ ಗುರಿಯಿಲ್ಲದಿರುವಿಕೆ ಇದೆ, ದಾರಿ ತಪ್ಪುವ ಸಾಧ್ಯತೆಯೂ ಇದೆ. ಆದ್ದರಿಂದಲೇ ಪಾಠದ ನಡುವೆ ಎಲ್ಲೆಲ್ಲಿಗೋ ಹೋಗುವ ಮನಸ್ಸಿಗೆ ಇದೇ ಪದ ಸಲ್ಲುತ್ತದೆ. ‘ರೋಮ್’ ಎಂಬುದರಲ್ಲಿ ವಿಶಾಲವಾದ ಪ್ರದೇಶ ಮತ್ತು ತಡೆಯಿಲ್ಲದ ಸ್ವಾತಂತ್ರ್ಯ ಮುಖ್ಯ. ಹುಲ್ಲುಗಾವಲಿನಲ್ಲಿ ಪ್ರಾಣಿಗಳು ‘ರೋಮ್’ ಮಾಡುತ್ತವೆ. ಮೊಬೈಲ್ ಸಂಪರ್ಕ ತನ್ನ ವಲಯ ಬಿಟ್ಟು ಹೊರಗೂ ದೊರೆಯುವುದು ‘ರೋಮಿಂಗ್’.

ಬ್ರಿಟನ್ನಿನಲ್ಲಿ ಇವುಗಳ ಜೊತೆಗೆ ‘ರ‍್ಯಾಂಬಲ್’ ಇದೆ: ಹಳ್ಳಿಗಾಡಿನಲ್ಲಿ, ಹೊಲಗದ್ದೆಗಳ ಕಾಲುದಾರಿಗಳಲ್ಲಿ ಸಂತೋಷಕ್ಕಾಗಿ ಮಾಡುವ ದೀರ್ಘ ನಡಿಗೆ. ಈ ಪದಕ್ಕೆ ರಾಜಕೀಯ ಇತಿಹಾಸವೂ ಇದೆ. 1932ರ ಏಪ್ರಿಲ್ 24ರಂದು ಡರ್ಬಿಶೈರಿನ ಕಿಂಡರ್ ಸ್ಕೌಟ್ ಎಂಬ ಎತ್ತರದ ಬಯಲಿಗೆ ನೂರಾರು ‘ರ‍್ಯಾಂಬ್ಲರ್’ಗಳು ಭೂಮಾಲೀಕರ ನಿರ್ಬಂಧವನ್ನು ಮೀರಿ ಗುಂಪಾಗಿ ಹತ್ತಿದರು. ಕೆಲವರು ಜೈಲು ಸೇರಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ನಿಗದಿತ ಬೆಟ್ಟ ಬಯಲುಗಳಲ್ಲಿ ಕಾಲ್ನಡಿಗೆಯ ಮುಕ್ತ ಪ್ರವೇಶಕ್ಕೆ ಕಾನೂನಿನ ಮನ್ನಣೆ ಸಿಕ್ಕಿದ್ದು 2000ದಲ್ಲಿ. ಜನಬಳಕೆಯಲ್ಲಿ ಆ ಹಕ್ಕಿನ ಹೆಸರು ‘ರೈಟ್ ಟು ರೋಮ್’.

ದೂರ ಮತ್ತು ಶ್ರಮ

‘ಹೈಕ್’ ಮತ್ತು ‘ಟ್ರೆಕ್’ ಎರಡೂ ದೂರದ ನಡಿಗೆಗಳು. ‘ಹೈಕ್’ ಸಾಮಾನ್ಯವಾಗಿ ಬೆಟ್ಟ ಕಾಡುಗಳಲ್ಲಿ ಹವ್ಯಾಸಕ್ಕಾಗಿ ಮಾಡುವುದು. ಬೆಳಿಗ್ಗೆ ಹೊರಟು ಸಂಜೆ ಮರಳಬಹುದು. ‘ಟ್ರೆಕ್’ ಹೆಚ್ಚು ದಿನಗಳ, ಹೆಚ್ಚು ಕಷ್ಟದ ಪಯಣ. ಈ ಪದ ದಕ್ಷಿಣ ಆಫ್ರಿಕಾದ ಡಚ್ ಮೂಲದ ವಲಸಿಗರ ನುಡಿಯಿಂದ ಬಂದಿದೆ; ಎಳೆ, ಪಯಣಿಸು ಎಂಬುವು ಅದರ ಮೂಲಾರ್ಥಗಳು. ಕೇಪ್ ವಸಾಹತಿನ ಬ್ರಿಟಿಷ್ ಆಡಳಿತವನ್ನು ಒಲ್ಲದ, ಬೋಯರ್ ಎನಿಸಿಕೊಂಡ ಈ ವಲಸಿಗರ ಕುಟುಂಬಗಳು 1830ರ ದಶಕದಲ್ಲಿ ಎತ್ತಿನ ಗಾಡಿಗಳಲ್ಲಿ ಒಳನಾಡಿಗೆ ಹೊರಟವು. ಚರಿತ್ರೆಯಲ್ಲಿ ‘ಗ್ರೇಟ್ ಟ್ರೆಕ್’ ಎನಿಸಿದ ಆ ವಲಸೆಯಲ್ಲಿ ಹೆಚ್ಚು ದುಡಿದದ್ದು ಎತ್ತುಗಳೇ. ಭಾರತದ ಬಳಕೆಯಲ್ಲಿ ಒಂದೇ ದಿನದ ಬೆಟ್ಟದ ನಡಿಗೆಗೂ ‘ಟ್ರೆಕ್ಕಿಂಗ್’ ಎನ್ನುತ್ತಾರೆ. ಕನ್ನಡದ ‘ಚಾರಣ’ ಎರಡಕ್ಕೂ ಸಲ್ಲುತ್ತದೆ.

ದಣಿವು ಮುಖ್ಯವಾದಾಗ ‘ಟ್ರಜ್’ ಮತ್ತು ‘ಪ್ಲಾಡ್’ ಬರುತ್ತವೆ. ಕೆಸರಿನಲ್ಲಿ, ಹಿಮದಲ್ಲಿ, ಭಾರ ಹೊತ್ತು, ಮನಸ್ಸಿಲ್ಲದೆ ಕಾಲೆಳೆದುಕೊಂಡು ಹೋಗುವುದು ‘ಟ್ರಜ್’. ‘ಪ್ಲಾಡ್’ ಕೂಡ ಭಾರವಾದ ಹೆಜ್ಜೆಯೇ, ಆದರೆ ಅದರಲ್ಲಿ ಬೇಸರಕ್ಕಿಂತ ಬಿಡದೆ ಸಾಗುವ ಗುಣ ಎದ್ದು ಕಾಣುತ್ತದೆ. ಹೊಳಪಿಲ್ಲದಿದ್ದರೂ ನಿಲ್ಲಿಸದೆ ದುಡಿಯುವವರನ್ನು ‘ಪ್ಲಾಡರ್’ ಎನ್ನುವುದು ಇದರಿಂದ.

‘ಸ್ಟ್ರೈಡ್’ ಇವೆರಡಕ್ಕೂ ವಿರುದ್ಧ ದಿಕ್ಕಿನ ಪದ. ಉದ್ದನೆಯ, ಆತ್ಮವಿಶ್ವಾಸದ ಹೆಜ್ಜೆಗಳು ಅದರ ಲಕ್ಷಣ. ಕನ್ನಡದ ‘ದಾಪುಗಾಲು’ ಇದಕ್ಕೆ ತಕ್ಕ ಜೋಡಿ. ‘ಮಾರ್ಚ್’ ಪದದಲ್ಲಿ ಆತ್ಮವಿಶ್ವಾಸಕ್ಕಿಂತ ಶಿಸ್ತು ದೊಡ್ಡದು. ಅಮೆರಿಕದ ಸೇನೆಯ ಕವಾಯತಿನಲ್ಲಿ ಸಾಧಾರಣ ಲಯ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಯ ಉದ್ದ 30 ಅಂಗುಲ. ಇಂಗ್ಲಿಷಿನ ನಡಿಗೆಯ ಪದಗಳಲ್ಲಿ ಹೀಗೆ ಅಳತೆಗೆ ಸಿಗುವ ಅರ್ಥವಿರುವುದು ಅಪರೂಪ. ಪ್ರತಿಭಟನೆಯ ಮೆರವಣಿಗೆಯೂ ‘ಮಾರ್ಚ್’ ಎನಿಸುತ್ತದೆ. ಸಿಟ್ಟಿನಿಂದ ಮೇಲಧಿಕಾರಿಯ ಕೋಣೆಗೆ ನುಗ್ಗುವ ಒಬ್ಬಂಟಿ ವ್ಯಕ್ತಿಗೂ ಅದೇ ಪದ ಒದಗುತ್ತದೆ.

‘ಪೇಸ್’ ಎಂಬ ಕ್ರಿಯಾಪದದಲ್ಲಿ ದೂರವೇ ಇಲ್ಲ. ಚಿಂತೆಯಿಂದಲೋ ಕಾತರದಿಂದಲೋ ಸಣ್ಣ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುವುದು ಅದರ ಅರ್ಥ. ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡ ‘ಶತಪಥ’ ಹಾಕುತ್ತಿದ್ದಾನೆ ಎನ್ನುವಾಗ ಕನ್ನಡ ಈ ಪದವನ್ನು ಸರಿಗಟ್ಟುತ್ತದೆ, ಬಹುಶಃ ಒಂದು ಕೈ ಮೇಲೆಯೇ.

ದೇಹಸ್ಥಿತಿ ಮತ್ತು ಠೀವಿ

ನೋವು, ವಯಸ್ಸು, ಅಮಲು ಇವೂ ಕ್ರಿಯಾಪದಗಳನ್ನು ಬೇರ್ಪಡಿಸುತ್ತವೆ. ಒಂದು ಕಾಲಿಗೆ ಪೆಟ್ಟಾಗಿ ಕುಂಟುವುದು ‘ಲಿಂಪ್’. ಎರಡೂ ಕಾಲುಗಳು ನೋಯುವಾಗ ಸಣ್ಣ ಸಣ್ಣ ಹೆಜ್ಜೆಯಿಡುತ್ತ ಕಷ್ಟಪಟ್ಟು ಸಾಗುವುದು ‘ಹಾಬಲ್’. ಕುದುರೆ ದೂರ ಹೋಗದಂತೆ ಅದರ ಕಾಲುಗಳಿಗೆ ಕಟ್ಟುವ ಹಗ್ಗಕ್ಕೂ ಇದೇ ಹೆಸರು. ಪಾದ ಎತ್ತದೆ ನೆಲಕ್ಕೆ ಸವರಿಕೊಂಡು ಹೋಗುವುದು ‘ಶಫಲ್’. ಕಲ್ಲಿಗೋ ಹೊಸ್ತಿಲಿಗೋ ಎಡವಿ ಮುಗ್ಗರಿಸುವುದು ‘ಸ್ಟಂಬಲ್’. ಕುಡಿದವರ, ಗಾಯಗೊಂಡವರ ತೂರಾಟ ‘ಸ್ಟ್ಯಾಗರ್’. ನಿಶ್ಶಕ್ತಿಯಿಂದ ಈಗಲೋ ಆಗಲೋ ಬೀಳುವಂತೆ ತೋರುವ ನಡಿಗೆ ‘ಟಾಟರ್’. ಕುಸಿಯುವ ಸ್ಥಿತಿಯ ಸರ್ಕಾರಗಳಿಗೂ ಇದು ಅನ್ವಯಿಸುತ್ತದೆ. ಮಗುವಿನ ತಪ್ಪುಹೆಜ್ಜೆ ‘ಟಾಡಲ್’. ಆ ವಯಸ್ಸಿನ ಮಗುವಿಗೆ ‘ಟಾಡ್ಲರ್’ ಎಂಬ ಹೆಸರು ಬಂದದ್ದು ಅದರಿಂದಲೇ. ಬಾತುಕೋಳಿಯಂತೆ ಅತ್ತಿತ್ತ ವಾಲುತ್ತ ಹೋಗುವುದು ‘ವಾಡಲ್’.

‘ಸ್ಟ್ರಟ್’ ಮತ್ತು ‘ಸ್ವ್ಯಾಗರ್’ ಪದಗಳಲ್ಲಿ ಕಾಲಿಗಿಂತ ಎದೆ, ಭುಜಗಳದ್ದೇ ಪಾತ್ರ. ‘ಸ್ಟ್ರಟ್’ ಎಂದರೆ ಎದೆಯುಬ್ಬಿಸಿ, ಕತ್ತು ನಿಗುರಿಸಿ, ನೋಡುವವರಿಗಾಗಿ ನಡೆಯುವುದು. ‘ಸ್ವ್ಯಾಗರ್’ ಪದದಲ್ಲಿ ಭುಜಗಳ ತೂಗಾಟವೂ ಯಾರನ್ನೂ ಲೆಕ್ಕಿಸದ ಧಿಮಾಕೂ ಸೇರಿವೆ. ಮೊದಲನೆಯದು ನಗೆಗೆ ಈಡಾಗಬಹುದು; ಎರಡನೆಯದನ್ನು ಕಂಡು ಜನ ಸ್ವಲ್ಪ ದೂರ ಸರಿಯುತ್ತಾರೆ.

ಸದ್ದಿಲ್ಲದ ನಡೆ

ತುದಿಗಾಲಿನ ನಡಿಗೆಯಾದ ‘ಟಿಪ್‌ಟೋ’ ನಿರಪರಾಧಿ ಪದ. ಮಲಗಿರುವ ಮಗು ಏಳದಿರಲೆಂದು ತಾಯಿಯೂ ಹಾಗೆ ನಡೆಯುತ್ತಾಳೆ. ‘ಸ್ನೀಕ್’ ಪದದಲ್ಲಿ ಸಿಕ್ಕಿಬೀಳಬಾರದೆಂಬ ಭಯ ಸೇರಿಕೊಳ್ಳುತ್ತದೆ. ‘ಸ್ಲಿಂಕ್’ ಎಂದರೆ ನಾಚಿಕೆಯಿಂದಲೋ ತಪ್ಪಿನ ಅರಿವಿನಿಂದಲೋ ಮೆಲ್ಲನೆ ಜಾರಿಕೊಳ್ಳುವುದು. ‘ಪ್ರೌಲ್’ ಬೇಟೆ ಹುಡುಕುತ್ತ ಸುಳಿದಾಡುವ ಮೃಗದ, ಕಳ್ಳನ ನಡೆ. ‘ಕ್ರಾಲ್’ ಮತ್ತು ‘ಕ್ರೀಪ್’ ಎರಡನ್ನು ಕಲಿಯುವವರು ಆಗಾಗ ಅದಲುಬದಲು ಮಾಡುತ್ತಾರೆ. ಅಂಬೆಗಾಲಿಡುವ ಮಗುವಿನದು ‘ಕ್ರಾಲ್’. ಮೈ ಬಗ್ಗಿಸಿ, ಯಾರಿಗೂ ತಿಳಿಯದಂತೆ ನಿಧಾನವಾಗಿ ಸಮೀಪಿಸುವುದು ‘ಕ್ರೀಪ್’.

‘ಸ್ಟಾಕ್’ ಎಂಬುದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಎರಡು ಅರ್ಥಗಳಿವೆ. ಬೇಟೆಗಾರ ಮೃಗದ ಬೆನ್ನುಹತ್ತಿ ಗುಟ್ಟಾಗಿ ಸಾಗುವುದು ಒಂದು. ಕೋಪದಿಂದ ಸೆಟೆದು, ಎಲ್ಲರಿಗೂ ಕಾಣುವಂತೆ ಹೊರನಡೆಯುವುದು ಇನ್ನೊಂದು. ಮೊದಲ ಅರ್ಥದಿಂದ ಬೆಳೆದ ‘ಸ್ಟಾಕಿಂಗ್’ ಇಂದು ಅಪರಾಧದ ಹೆಸರು. ಮಹಿಳೆಯನ್ನು ಆಕೆಯ ಅನಿಚ್ಛೆಯ ನಡುವೆಯೂ ಪದೇ ಪದೇ ಹಿಂಬಾಲಿಸುವುದನ್ನು 2013ರ ತಿದ್ದುಪಡಿಯ ಮೂಲಕ ಭಾರತೀಯ ದಂಡ ಸಂಹಿತೆಯ 354ಡಿ ಕಲಮಿನಲ್ಲಿ ಅಪರಾಧವೆಂದು ಸೇರಿಸಲಾಯಿತು. ಈಗ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಮು.

ರೀತಿ ಮತ್ತು ದಾರಿ

ಇಷ್ಟೊಂದು ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಬೆಳೆದುದಕ್ಕೆ ವಾಕ್ಯರಚನೆಯಲ್ಲಿಯೇ ಒಂದು ಕಾರಣವಿದೆ. ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಚಲನೆಯ ವಾಕ್ಯಗಳಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿದರು: ಚಲಿಸುವ ರೀತಿ ಮತ್ತು ಸಾಗುವ ದಾರಿ. ಇಂಗ್ಲಿಷ್, ಜರ್ಮನ್ ಮೊದಲಾದ ಭಾಷೆಗಳಲ್ಲಿ ರೀತಿ ಕ್ರಿಯಾಪದದಲ್ಲಿರುತ್ತದೆ. ದಾರಿಯನ್ನು ‘ಇನ್’, ‘ಔಟ್’, ‘ಅಪ್’, ‘ಡೌನ್’, ‘ಅಕ್ರಾಸ್’ ಎಂಬ ಪುಟ್ಟ ಪದಗಳು ಹೊರುತ್ತವೆ. ಕ್ರಿಯಾಪದದ ಸುತ್ತಲಿರುವ ಇಂಥ ಅಂಶಗಳಿಗೆ ಟಾಲ್ಮಿ ‘ಸ್ಯಾಟಲೈಟ್’ ಎಂದು ಹೆಸರಿಟ್ಟರು. ಸ್ಪ್ಯಾನಿಷ್, ಟರ್ಕಿಷ್ ಭಾಷೆಗಳಲ್ಲಿ ದಾರಿಯೇ ಮುಖ್ಯ ಕ್ರಿಯಾಪದ. ರೀತಿ ಬೇಕೆನಿಸಿದರೆ ಪಕ್ಕದಲ್ಲಿ ಬರುತ್ತದೆ, ಬೇಡವಾದರೆ ಬಿಟ್ಟುಹೋಗುತ್ತದೆ.

ಕನ್ನಡದ ರಚನೆ ಎರಡನೆಯ ಬಗೆಗೆ ಹತ್ತಿರ. ‘ಹಿ ಲಿಂಪ್ಡ್ ಔಟ್’ ಎಂಬಲ್ಲಿ ಕುಂಟುವುದೇ ಮುಖ್ಯ ಕ್ರಿಯೆ. ‘ಅವನು ಕುಂಟುತ್ತ ಹೊರಗೆ ಹೋದ’ ಎಂಬಲ್ಲಿ ಹೋಗುವುದು ಮುಖ್ಯ, ಕುಂಟುವುದು ಅದಕ್ಕೆ ಅಧೀನ. ದಾರಿ ಉದ್ದವಾದಷ್ಟೂ ವ್ಯತ್ಯಾಸ ಹಿಗ್ಗುತ್ತದೆ. ಮನೆಯಿಂದ ಹೊರಬಿದ್ದು, ಗುಡ್ಡ ಇಳಿದು, ಗದ್ದೆ ದಾಟಿ, ಹೊಳೆಯತ್ತ ಓಡಿದ ಹುಡುಗನನ್ನು ವರ್ಣಿಸಲು ಕನ್ನಡಕ್ಕೆ ನಾಲ್ಕು ಕ್ರಿಯಾರೂಪಗಳು ಬೇಕು. ಇಂಗ್ಲಿಷ್ ‘ರ‍್ಯಾನ್’ ಎಂದು ಒಮ್ಮೆ ಹೇಳಿ, ಉಳಿದುದನ್ನೆಲ್ಲ ‘ಔಟ್ ಆಫ್’, ‘ಡೌನ್’, ‘ಅಕ್ರಾಸ್’, ‘ಟು’ ಎಂಬ ಪದಗಳಿಗೆ ವಹಿಸಿಬಿಡುತ್ತದೆ. ನೀರಿನ ಉದಾಹರಣೆಯೂ ಹೀಗೆಯೇ. ಮೊಣಕಾಲು ನೀರಿನಲ್ಲಿ ಪ್ರಯಾಸದಿಂದ ಹೆಜ್ಜೆ ಕೀಳುವ ರೀತಿಯನ್ನು ಇಂಗ್ಲಿಷಿನ ‘ವೇಡ್’ ಹೇಳುತ್ತದೆ. ಹೊಳೆ ‘ಹಾಯುವುದು’ ಎಂಬ ಕನ್ನಡದ ಮಾತಿಗೆ ಆಚೆ ದಡ ಸೇರುವುದು ಮುಖ್ಯ.

ಭಾಷಾ ಮನೋವಿಜ್ಞಾನಿ ಡ್ಯಾನ್ ಸ್ಲೋಬಿನ್ ಇದನ್ನು ಕಥನದಲ್ಲಿ ಪರೀಕ್ಷಿಸಿದರು. ಮರ್ಸರ್ ಮೇಯರ್ 1969ರಲ್ಲಿ ಪ್ರಕಟಿಸಿದ, ಕಳೆದುಹೋದ ಕಪ್ಪೆಯನ್ನು ಬಾಲಕನೊಬ್ಬ ಹುಡುಕುವ ಮಾತಿಲ್ಲದ ಚಿತ್ರಪುಸ್ತಕವನ್ನು ಹಲವು ಭಾಷೆಗಳ ಮಕ್ಕಳಿಗೂ ದೊಡ್ಡವರಿಗೂ ತೋರಿಸಿ ಕಥೆ ಹೇಳಿಸಲಾಯಿತು. ಇಂಗ್ಲಿಷಿನವರು ಬಗೆಬಗೆಯ ರೀತಿಸೂಚಕ ಕ್ರಿಯಾಪದಗಳನ್ನು ಬಳಸಿದರು. ಸ್ಪ್ಯಾನಿಷಿನವರು ಅಷ್ಟು ಬಳಸಲಿಲ್ಲ.

ಕನ್ನಡ ಈ ವಿಷಯದಲ್ಲಿ ಬಡವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ರೀತಿಯನ್ನು ಅದು ಅನುಕರಣಾವ್ಯಯಗಳಲ್ಲಿ ಇರಿಸಿಕೊಂಡಿದೆ. ಬಿರಬಿರನೆ ನಡೆಯುವುದು, ಸರಸರನೆ ಹೋಗುವುದು, ದಡದಡನೆ ಇಳಿಯುವುದು, ಗುಡುಗುಡು ಓಡಿಬರುವುದು ಇವುಗಳನ್ನು ಇಂಗ್ಲಿಷಿಗೆ ತರುವವರಿಗೆ ಎದುರಾಗುವ ಪೇಚು, ‘ಟ್ರಜ್’ ಪದವನ್ನು ಕನ್ನಡಕ್ಕೆ ತರುವವರ ಪೇಚಿಗೆ ಕಡಿಮೆಯದೇನೂ ಅಲ್ಲ.

‘ಕಮ್’, ‘ಗೋ’ ಮತ್ತು ‘ಮೂವ್’

‘ಕಮ್’ ಮತ್ತು ‘ಗೋ’ ಪದಗಳಲ್ಲಿ ರೀತಿಯೇ ಇಲ್ಲ. ಮಾತನಾಡುವವರು, ಕೇಳುವವರು ಎಲ್ಲಿದ್ದಾರೆ ಎಂಬುದರ ಮೇಲೆ ಅವುಗಳ ಅರ್ಥ ನಿಂತಿದೆ. ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್‌ಮೋರ್ 1971ರ ತಮ್ಮ ಉಪನ್ಯಾಸಗಳಲ್ಲಿ ಇದನ್ನು ವಿಸ್ತಾರವಾಗಿ ವಿಶ್ಲೇಷಿಸಿದರು. ಕೇಳುವವರಿರುವ ಕಡೆಗೆ ಹೊರಟಾಗ ಇಂಗ್ಲಿಷಿನವರು ‘ಕಮ್’ ಎನ್ನುತ್ತಾರೆ. ‘ನಿಮ್ಮ ಮನೆಗೆ ನಾಳೆ ಬರ್ತೀನಿ’ ಎನ್ನುವ ಕನ್ನಡಿಗರೂ ಹಾಗೆಯೇ. ಬೀಳ್ಕೊಡುವಾಗ ಮಾತ್ರ ದಾರಿ ಕವಲೊಡೆಯುತ್ತದೆ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುವುದು ಇಲ್ಲಿನ ರೂಢಿ. ಅದನ್ನು ಇಂಗ್ಲಿಷಿನಲ್ಲಿ ‘ಐ ವಿಲ್ ಕಮ್’ ಎಂದರೆ ಆತಿಥೇಯರು ಯಾವಾಗ ಎಂದು ಕೇಳಿಯಾರು.

‘ಗೋ’ ಪದದ ಭೂತಕಾಲವಾದ ‘ವೆಂಟ್’ ಅದರ ಸ್ವಂತ ರೂಪವಲ್ಲ. ಅದು ‘ವೆಂಡ್’ ಎಂಬ ಬೇರೆ ಕ್ರಿಯಾಪದದಿಂದ ಬಂದು ಸೇರಿಕೊಂಡದ್ದು.

‘ಮೂವ್’ ಇವೆಲ್ಲಕ್ಕಿಂತ ವಿಶಾಲ. ಎಲೆ ಅಲುಗಿದರೂ, ಮೇಜು ಸರಿದರೂ, ರೈಲು ಚಲಿಸಿದರೂ, ಸಂಸಾರ ಬೇರೆ ಊರಿಗೆ ಮನೆ ಬದಲಾಯಿಸಿದರೂ ಅದೊಂದೇ ಪದ. ಅಲುಗು, ಕದಲು, ಸರಿ, ಜರುಗು, ಚಲಿಸು ಎಂದು ಕನ್ನಡ ಇಲ್ಲಿ ಹೆಚ್ಚು ಸೂಕ್ಷ್ಮವಾಗಿದೆ.

ಕರ್ನಾಟಕದ ಬಳಕೆಯಲ್ಲಿ

ಎರವಲು ಬಂದ ಪದಗಳ ಅರ್ಥ ಕನ್ನಡದಲ್ಲಿ ಕಿರಿದಾಗಿದೆ. ‘ವಾಕಿಂಗ್’ ಎಂದರೆ ಆರೋಗ್ಯಕ್ಕಾಗಿ ಬೆಳಿಗ್ಗೆಯೋ ಸಂಜೆಯೋ ಮಾಡುವ ನಡಿಗೆ ಮಾತ್ರ. ಲಾಲ್‌ಬಾಗಿನಲ್ಲಿ ಸುತ್ತು ಹಾಕುವವರು ವಾಕಿಂಗ್ ಮಾಡುತ್ತಾರೆ. ಅದೇ ಜನ ಬಸ್ ನಿಲ್ದಾಣಕ್ಕೆ ನಡೆದುಕೊಂಡು ಹೋಗುತ್ತಾರೆ.

ಇಂಗ್ಲಿಷ್ ಮಾತನಾಡುವಾಗ ಇಲ್ಲಿ ಆಗಾಗ ಕೇಳಿಬರುವ ‘ಬೈ ವಾಕ್’ ಎಂಬ ಪ್ರಯೋಗ ಎರಡು ಭಾಷೆಗಳ ರಚನಾಭೇದದಿಂದಲೇ ಹುಟ್ಟಿರುವಂತಿದೆ. ಕನ್ನಡದಲ್ಲಿ ‘ನಡೆದುಕೊಂಡು ಹೋದೆ’ ಎಂಬಲ್ಲಿ ‘ಹೋಗು’ ಮುಖ್ಯ, ನಡಿಗೆ ಅದರ ಸಾಧನ. ಆ ಸಾಧನವನ್ನು ‘ಬೈ ಬಸ್’, ‘ಬೈ ಟ್ರೈನ್’ ಮಾದರಿಯಲ್ಲಿ ಇಟ್ಟಾಗ ‘ಬೈ ವಾಕ್’ ಆಗುತ್ತದೆ. ಶಿಷ್ಟ ಇಂಗ್ಲಿಷಿನಲ್ಲಿ ವಾಹನಗಳಿಗೆ ‘ಬೈ’ ಸಲ್ಲುತ್ತದೆ, ಕಾಲಿಗೆ ‘ಆನ್ ಫುಟ್’. ಬಹುತೇಕ ಸಂದರ್ಭಗಳಲ್ಲಿ ಅದೂ ಅನಗತ್ಯ: ‘ಐ ವಾಕ್ಡ್ ಟು ಸ್ಕೂಲ್’ ಎಂದರೆ ಹೋದದ್ದೂ ನಡೆದದ್ದೂ ಎರಡೂ ಬಂದವು, ‘ಗೋ’ ಪದಕ್ಕೆ ಅಲ್ಲಿ ಕೆಲಸವೇ ಇಲ್ಲ.